ಹಳೆಯ ಕಾರು ಕಿಟ್‌ಗಳ ಪೆಟ್ಟಿಗೆ ತೆರೆದು ನೋಡಬೇಕು

ಮಾನ್ಯ ಸಂಪಾದಕರೇ,

ಹಳೆಯ ಆಟಿಕೆಗಳ ಸಂಗ್ರಹ ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಬಿಡಿಭಾಗಗಳನ್ನು ಜೋಡಿಸಿ ಕಟ್ಟುವ ಪ್ಲಾಸ್ಟಿಕ್ ಮಾದರಿ ಕಾರುಗಳ ಕಿಟ್‌ಗಳಿಗೂ ಅದರಲ್ಲಿ ಜಾಗ ಸಿಕ್ಕಿದ್ದು ಸಂತೋಷದ ಸಂಗತಿ. ಆದರೆ ಹೊದಿಕೆ ಹರಿಯದ ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ತೆರೆಯಬಾರದೆಂದು ಲೇಖಕರು ಕೊಟ್ಟಿರುವ ಸಲಹೆಯನ್ನು ನಾನು ಒಪ್ಪಲಾರೆ. ತೆರೆಯದ ಪೆಟ್ಟಿಗೆಗೆ ಬೆಲೆ ಹೆಚ್ಚು ಎಂಬುದು ನಿಜ. ಒಳಗಿರುವ ಕಾರು ಮಾತ್ರ ಆ ಪೆಟ್ಟಿಗೆಯಲ್ಲೇ ಹಾಳಾಗುತ್ತಿರಬಹುದು.

ಈ ಕಿಟ್‌ಗಳಲ್ಲಿ ಕಾರಿನ ಬಾಡಿ, ಚಾಸಿ, ಎಂಜಿನ್, ಗಾಜು ಎಲ್ಲವೂ ಗಟ್ಟಿ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನ್‌ನವು. ಟೈರುಗಳು ಮಾತ್ರ ಬಹುತೇಕ ಮೆದುವಾದ ವಿನೈಲ್‌ನವು. ವಿನೈಲ್ ಮೆದುವಾಗಿರಲೆಂದು ಬೆರೆಸಿದ ರಾಸಾಯನಿಕವು ವರ್ಷಗಳು ಕಳೆದಂತೆ ಜಿನುಗಿ ಹೊರಬಂದು, ತಾನು ತಾಗಿದ ಪಾಲಿಸ್ಟೈರೀನನ್ನು ಕರಗಿಸತೊಡಗುತ್ತದೆ. ಅರವತ್ತರ ದಶಕದ ಒಂದು ಕಿಟ್ಟನ್ನು ನಾನು ಆರು ವರ್ಷ ತೆರೆಯದೆ ಕಪಾಟಿನಲ್ಲಿಟ್ಟಿದ್ದೆ. ಕೊನೆಗೊಮ್ಮೆ ತೆರೆದಾಗ ಒಂದು ಟೈರು ಮುಂಗಾಜಿನ ಮೇಲೆ ಅಂಟಿಕೊಂಡು ಕೂತಿತ್ತು. ಮೆಲ್ಲಗೆ ಎಬ್ಬಿಸಿದೆ, ಪಾರದರ್ಶಕವಾಗಿದ್ದ ಗಾಜಿನಲ್ಲಿ ಟೈರಿನ ಪಟ್ಟಿಪಟ್ಟಿ ಗೆರೆಗಳು ಒಂದೊಂದೂ ಅಚ್ಚೊತ್ತಿದ್ದವು, ಸುತ್ತ ಜಿಗುಟಾದ ಕಂದು ಬಳೆಯೊಂದು ಉಳಿದಿತ್ತು. ಬಾಡಿಯ ಮೇಲಾಗಿದ್ದರೆ ಪುಟ್ಟಿ ತುಂಬಿ ಉಜ್ಜಿ ಸರಿಪಡಿಸಬಹುದಿತ್ತು, ಗಾಜಿಗೆ ಆ ಉಪಾಯವಿಲ್ಲ. ಮೊದಲ ದಿನವೇ ತೆರೆದು ಟೈರುಗಳನ್ನು ಬೇರೆ ಪಾಲಿಥೀನ್ ಚೀಲದಲ್ಲಿಟ್ಟಿದ್ದರೆ ಆ ಗಾಜು ಉಳಿಯುತ್ತಿತ್ತೇನೋ ಎಂಬ ಕೊರಗು ನನಗೆ ಇಂದಿಗೂ ಇದೆ.

ಹೊರಗಿನ ತೆಳು ಹೊದಿಕೆಯೂ ನಿರುಪದ್ರವಿಯಲ್ಲ. ಅದು ಕಾಲಕ್ರಮದಲ್ಲಿ ಇನ್ನಷ್ಟು ಬಿಗಿದುಕೊಂಡು ರಟ್ಟಿನ ಅಂಚುಗಳನ್ನು ಒಳಕ್ಕೆ ಬಾಗಿಸುತ್ತದೆ. ಮೇಲಾಗಿ, ಅಂಥ ಹೊದಿಕೆಯನ್ನು ಯಾರು ಬೇಕಾದರೂ ಹೊಸದಾಗಿ ಸುತ್ತಬಹುದಾದ್ದರಿಂದ, ಒಳಗೆ ಎಲ್ಲ ಬಿಡಿಭಾಗಗಳೂ ಇವೆಯೆಂಬುದಕ್ಕೆ ಅದು ಪುರಾವೆಯಾಗುವುದಿಲ್ಲ.

ಬಿಡಿಭಾಗಗಳ ಬಗ್ಗೆ ಇಷ್ಟು ಹೇಳುವುದಕ್ಕೆ ಕಾರಣವಿದೆ. ಅಮೆರಿಕದ ಎಎಂಟಿ ಕಂಪನಿ 1958ರಲ್ಲಿ ಆಯಾ ವರ್ಷದ ಹೊಸ ಕಾರುಗಳ ಕಿಟ್‌ಗಳನ್ನು ನಿಜವಾದ ಕಾರಿನ 1/25 ಅಳತೆಯಲ್ಲಿ ತಂದಿತು. ಒಂದೇ ಪೆಟ್ಟಿಗೆಯ ಭಾಗಗಳಿಂದ ಕಾರನ್ನು ಮೂರು ಬಗೆಯಲ್ಲಿ ಜೋಡಿಸಬಹುದಿತ್ತು. ಜೋ-ಹಾನ್, ಎಂಪಿಸಿ ಕಂಪನಿಗಳೂ ಇಂಥ ವಾರ್ಷಿಕ ಕಿಟ್‌ಗಳನ್ನು ತಯಾರಿಸಿದವು. ನಿಜವಾದ ಕಾರಿನ ರೂಪ ಮರುವರ್ಷ ಬದಲಾದಾಗ ಎಷ್ಟೋ ಸಲ ಹಳೆಯ ಉಕ್ಕಿನ ಅಚ್ಚನ್ನೇ ಕೆತ್ತಿ ಹೊಸ ರೂಪಕ್ಕೆ ತಿರುಗಿಸುತ್ತಿದ್ದರು. ಹಾಗಾಗಿ ಅಂಥ ಕಿಟ್‌ಗಳನ್ನು ಮೂಲ ಅಚ್ಚಿನಿಂದ ಮತ್ತೆ ಎರಕ ಹೊಯ್ಯಲು ಆಗುವುದಿಲ್ಲ. ಆ ವರ್ಷದ ಗ್ರಿಲ್, ಆ ವರ್ಷದ ಹಿಂದೀಪ ಉಳಿದಿರುವುದು ಸಂಗ್ರಾಹಕರ ಪೆಟ್ಟಿಗೆಗಳಲ್ಲಿ ಮಾತ್ರ. ಅವನ್ನು ಕಾಯುವ ಹೊಣೆ ಹೊತ್ತವರು ಒಳಗೇನಿದೆ ಎಂದು ನೋಡದೇ ಕಾಯುವುದು ಹೇಗೆ?

ತೆರೆದ ಮೇಲೆ ಮಾಡಬೇಕಾದ ಕೆಲಸ ಹೆಚ್ಚೇನಿಲ್ಲ. ಟೈರುಗಳನ್ನು ಬೇರ್ಪಡಿಸಬೇಕು, ಭಾಗಗಳನ್ನು ಸೂಚನಾ ಹಾಳೆಯೊಂದಿಗೆ ತಾಳೆ ನೋಡಬೇಕು, ಆ ಹಾಳೆಯನ್ನೂ ಕಾರಿನ ಮೇಲೆ ಅಂಟಿಸುವ ಚಿತ್ರಗಳಾದ ಡೀಕ್ಯಾಲ್‌ಗಳನ್ನೂ ಸ್ಕ್ಯಾನ್ ಮಾಡಿಟ್ಟುಕೊಳ್ಳಬೇಕು. ಹಳದಿಗಟ್ಟಿದ ಡೀಕ್ಯಾಲ್ ಹಾಳೆಯನ್ನು ಪಾರದರ್ಶಕ ಚೀಲದಲ್ಲಿಟ್ಟು ಕೆಲವು ದಿನ ಬಿಸಿಲು ಬೀಳುವ ಕಿಟಕಿಗೆ ಅಂಟಿಸಿದರೆ ಹಳದಿ ಬಹುಮಟ್ಟಿಗೆ ಇಳಿಯುತ್ತದೆ. ಪೆಟ್ಟಿಗೆಗಳನ್ನು ಒಂದರ ಮೇಲೊಂದು ಎತ್ತರಕ್ಕೆ ಪೇರಿಸಬಾರದು. ಕೆಳಗಿನ ಮುಚ್ಚಳ ಕುಸಿದರೆ ಅದರೊಳಗಿನ ಕಾರಿನ ಚಾವಣಿಯೂ ಬಾಗುತ್ತದೆ.

ಹೊಸದಾಗಿ ಸಂಗ್ರಹ ಆರಂಭಿಸುವವರು ತಮ್ಮ ಲೇಖನವನ್ನು ನಂಬಿ ಪೆಟ್ಟಿಗೆಗಳನ್ನು ಮುಟ್ಟದೇ ಇಡುವ ಸಾಧ್ಯತೆ ಇರುವುದರಿಂದ, ಕನಿಷ್ಠ ಟೈರುಗಳ ವಿಷಯವನ್ನಾದರೂ ಪುರವಣಿಯ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸಂಗ್ರಾಹಕ