ಉಗುರಂಚಿನ ಸ್ವರ: ಗೆಳೆಯನಿಗೊಂದು ಪತ್ರ

ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು "ಈಗೀಗ ಏನು ಕೇಳ್ತಿದ್ದೀಯ?" ಅಂದಾಗ ನಾನು "ಗ್ರೀಸ್ ಕಡೆಯ ಹಾಡು" ಅಂತ ಹೇಳಿ ಸುಮ್ಮನಾಗಿಬಿಟ್ಟೆ. ಅಷ್ಟಕ್ಕೇ ಮುಗಿಸುವ ಮಾತಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ.

ಹಾಡಿದಾತನ ಹೆಸರು ನಿಕೋಸ್ ಕ್ಸಿಲೂರಿಸ್. ಕ್ರೀಟ್ ದ್ವೀಪದ ಅನೋಯಾ ಅನ್ನುವ ಊರಿನವನು. ಬೆಟ್ಟದ ಮೇಲಿನ ಊರು, ಕುರಿ ಸಾಕುವ ಜನ. ಹುಟ್ಟಿದ್ದು 1936ರಲ್ಲಿ. ಎಂಟು ವರ್ಷದವನಿದ್ದಾಗ, 1944ರ ಆಗಸ್ಟಿನಲ್ಲಿ, ಜರ್ಮನ್ ಸೈನ್ಯ ಬಂದು ಊರಿಗೆ ಊರನ್ನೇ ಸುಟ್ಟುಹಾಕಿತು. ಇವರ ಮನೆಯವರೂ ಊರು ಬಿಟ್ಟರು. ಅದಾಗಿ ನಾಲ್ಕೈದು ವರ್ಷಕ್ಕೆ ಹುಡುಗನ ಕೈಗೆ ಲೀರಾ ಬಂತು.

ಲೀರಾ ನೋಡಿದ್ದೀಯಾ? ಪೇರಳೆ ಹಣ್ಣನ್ನು ಉದ್ದಕ್ಕೆ ಸೀಳಿದ ಹಾಗಿರುವ ಪುಟ್ಟ ವಾದ್ಯ, ಮೂರೇ ತಂತಿ. ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು ಕಮಾನು ಎಳೆಯುತ್ತಾರೆ. ತಂತಿಯನ್ನು ಬೆರಳಿನಿಂದ ಒತ್ತುವುದಿಲ್ಲ, ಉಗುರನ್ನು ಪಕ್ಕದಿಂದ ತಾಗಿಸುತ್ತಾರೆ. ನಮ್ಮ ಸಾರಂಗಿಯವರು ಮಾಡುವುದೂ ಇದನ್ನೇ ಅಲ್ವಾ! ಅದಕ್ಕೇ ಸ್ವರ ಹಾಗೆ ಜಾರುತ್ತದೆ, ಗಂಟಲು ಕಟ್ಟಿದವರ ದನಿಯ ಹಾಗೆ. ಜೊತೆಗೆ ಲಾವೂಟೋ ಅನ್ನುವ ದೊಡ್ಡ ತಂತಿವಾದ್ಯ ತಾಳ ಹಿಡಿಯುತ್ತದೆ. ನಿಕೋಸನ ತಮ್ಮ ಯಾನಿಸ್ ಲಾವೂಟೋ ನುಡಿಸುತ್ತಿದ್ದ. ಇನ್ನೊಬ್ಬ ತಮ್ಮ ಆಂಟೋನಿಸ್, ಪ್ಸರಾಂಟೋನಿಸ್ ಅಂತಲೇ ಹೆಸರಾದವನು, ಅವನದೂ ಲೀರಾನೇ.

ಹದಿನೇಳಕ್ಕೆ ನಿಕೋಸ್ ಇರಾಕ್ಲಿಯೋ ಪಟ್ಟಣಕ್ಕೆ ಬಂದ. ಪೇಟೆಯ ಜನಕ್ಕೆ ಆಗ ಬೆಟ್ಟದ ಹಾಡು ಬೇಕಿರಲಿಲ್ಲ, ಟ್ಯಾಂಗೋ, ವಾಲ್ಟ್ಸ್ ಥರದ ಕುಣಿತದ ಸಂಗೀತ ಬೇಕಿತ್ತು. ಹೊಟ್ಟೆ ನಡೆಯಬೇಕಲ್ಲ, ಅದನ್ನೂ ಕಲಿತ, ಆದರೆ ನುಡಿಸಿದ್ದು ಅದೇ ಮೂರು ತಂತಿಯ ಲೀರಾದಲ್ಲಿ. ನನಗೆ ಆತನ ಮೇಲೆ ಪ್ರೀತಿ ಹುಟ್ಟಿದ್ದೇ ಇಲ್ಲಿ. 1958ರಲ್ಲಿ ಮೊದಲ ರೆಕಾರ್ಡ್ ಬಂತು. 1969ರಲ್ಲಿ ಅಥೆನ್ಸಿಗೆ ಹೋದ.

ಆಗ ಗ್ರೀಸಿನಲ್ಲಿ ಸೇನೆಯ ಆಡಳಿತ. 1971ರಲ್ಲಿ ಸಂಗೀತ ನಿರ್ದೇಶಕ ಯಾನಿಸ್ ಮಾರ್ಕೋಪೌಲೋಸ್ ಜೊತೆ ಸೇರಿ ರಿಜೀತಿಕಾ ಹಾಡುಗಳನ್ನು ರೆಕಾರ್ಡ್ ಮಾಡಿದ. ಇವು ಕ್ರೀಟಿನ ಪಶ್ಚಿಮದ ಬೆಟ್ಟದ ಬುಡದ ಊರುಗಳ ಹಳೇ ಹಾಡುಗಳು. ಅಲ್ಲಿ ಗಂಡಸರು ಊಟದ ಮೇಜಿನ ಸುತ್ತ ಕೂತು, ವಾದ್ಯವೇ ಇಲ್ಲದೆ, ಒಂದು ಗುಂಪು ಹೇಳಿದ ಸಾಲನ್ನು ಇನ್ನೊಂದು ಗುಂಪು ತಿರುಗಿ ಹೇಳುತ್ತಾ ಹಾಡುತ್ತಾರೆ. ಅದರಲ್ಲೊಂದು ಹಾಡಿನಲ್ಲಿ ಒಬ್ಬ, ಆಕಾಶ ಯಾವಾಗ ತಿಳಿಯಾಗುತ್ತೆ, ಫೆಬ್ರವರಿ ಯಾವಾಗ ಬರುತ್ತೆ, ಬಂದೂಕು ಹಿಡಿದು ಹೊರಡುತ್ತೇನೆ ಅಂತ ಕಾಯುತ್ತಾನೆ. ನಿಜಕ್ಕೂ ಅದು ಹಗೆಯ ಹಾಡು, ತಾಯಂದಿರನ್ನು ಮಕ್ಕಳಿಲ್ಲದವರನ್ನಾಗಿ ಮಾಡುತ್ತೇನೆ ಅನ್ನುವಷ್ಟು ಕ್ರೂರವಾದದ್ದು. ಆದರೆ ಬಾಯಿ ಕಟ್ಟಿಸಿಕೊಂಡು ಕೂತಿದ್ದ ಜನಕ್ಕೆ "ಯಾವಾಗ ತಿಳಿಯಾಗುತ್ತೆ" ಅನ್ನುವ ಮೊದಲ ಸಾಲೇ ಸಾಕಾಯಿತು. ಅದು ಅವರದೇ ಪ್ರಶ್ನೆಯಾಗಿತ್ತು.

1973ರ ನವೆಂಬರಿನಲ್ಲಿ ಅಥೆನ್ಸಿನ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದ ಒಳಗೆ ವಿದ್ಯಾರ್ಥಿಗಳು ಸೇನೆಯ ಆಡಳಿತದ ವಿರುದ್ಧ ಸೇರಿ ಬಾಗಿಲು ಹಾಕಿಕೊಂಡಾಗ ನಿಕೋಸ್ ಒಳಗೆ ಹೋಗಿ ಅವರ ಜೊತೆ ಹಾಡಿದ. 17ರ ಬೆಳಗಿನ ಜಾವ ಟ್ಯಾಂಕು ಗೇಟು ಮುರಿದು ನುಗ್ಗಿತು. ಮರುವರ್ಷ ಆ ಸರ್ಕಾರವೂ ಬಿತ್ತು.

ಆತ ಜಾಸ್ತಿ ದಿನ ಇರಲಿಲ್ಲ ಕಣೋ. 1980ರ ಫೆಬ್ರವರಿಯಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ. 43 ವರ್ಷ ಅಷ್ಟೇ. ಹೌದು, ಫೆಬ್ರವರಿಯಲ್ಲೇ. ಆ ಹಾಡು ಕೇಳುವಾಗಲೆಲ್ಲ ನನಗೆ ಇದು ನೆನಪಾಗುತ್ತೆ.

ಇವತ್ತು ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಒಂದು ಸಲ ಕೇಳು. ಭಾಷೆ ತಿಳಿಯದಿದ್ದರೂ ಪರವಾಗಿಲ್ಲ. ಕೇಳಿ ಮುಗಿದ ಕೂಡಲೇ ಫೋನ್ ಮಾಡು, ಎಷ್ಟೇ ಹೊತ್ತಾಗಿದ್ದರೂ ಎತ್ತುತ್ತೇನೆ.

ನಿನ್ನ ಗೆಳೆಯ