ಪೇಟೆಂಟ್ ಯಾರ ಹೆಸರಲ್ಲಿತ್ತು ಅನ್ನೋದಷ್ಟೇ ಸಾಕಾ?

ಮಾನ್ಯ ಸಂಪಾದಕರೇ,

ದಿನಬಳಕೆಯ ಸಣ್ಣಪುಟ್ಟ ವಸ್ತುಗಳನ್ನು ಕಂಡುಹಿಡಿದವರ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ಒಂದು ವಸ್ತು, ಪಕ್ಕದಲ್ಲಿ ಒಂದು ಹೆಸರು, ಒಂದು ಇಸವಿ, ಪೇಟೆಂಟ್ ಸಿಕ್ಕಿತು, ಅಲ್ಲಿಗೆ ಮುಗಿಯಿತು. ಓದಲು ಚೆನ್ನಾಗಿದೆ, ಕ್ವಿಜ್‌ಗೂ ಆಗುತ್ತದೆ. ಆದರೆ 1900ರ ಆಸುಪಾಸಿನ ಆ ಪೇಟೆಂಟ್‌ಗಳನ್ನೇ ತೆರೆದು ನೋಡಿದರೆ ವಿಷಯ ಬೇರೆ. ವಸ್ತು ಹೀಗಿರಬೇಕು ಅಂತ ಯೋಚಿಸಿದವರಿಗಿಂತ, ಅದನ್ನು ಸಾವಿರಗಟ್ಟಲೆ ತಯಾರಿಸುವ ದಾರಿ ಹುಡುಕಿದವರ ಕೆಲಸವೇ ಎಷ್ಟೋ ಸಲ ದೊಡ್ಡದು. ಆ ಕೆಲಸದ ಬಗ್ಗೆ ಬರಹದಲ್ಲಿ ಒಂದು ಸಾಲೂ ಇಲ್ಲ.

ಪೇಪರ್ ಕ್ಲಿಪ್ಪನ್ನೇ ತಗೊಳ್ಳಿ. ಅದನ್ನು ನಾರ್ವೆಯ ಯೋಹಾನ್ ವಾಲೆರ್ ಕಂಡುಹಿಡಿದ ಅಂತ ಬರೆದಿದ್ದೀರಿ. 1901ರಲ್ಲಿ ಆತನಿಗೆ ಪೇಟೆಂಟ್ ಸಿಕ್ಕಿದ್ದು ನಿಜ. ಆದರೆ ಅದರ ಚಿತ್ರ ನೋಡಿ. ನಾವೆಲ್ಲ ಬಳಸುವ ಕ್ಲಿಪ್ಪಿನಲ್ಲಿ ತಂತಿ ಒಳಗಡೆ ಇನ್ನೊಂದು ಸುತ್ತು ತಿರುಗಿ ನಿಲ್ಲುತ್ತದೆ, ಕಾಗದ ಆ ಎರಡು ಸುತ್ತುಗಳ ನಡುವೆ ಸಲೀಸಾಗಿ ಜಾರಿ ಕೂರುತ್ತದೆ. ವಾಲೆರ್ ಕ್ಲಿಪ್ಪಿನಲ್ಲಿ ಆ ಕೊನೆಯ ಸುತ್ತೇ ಇಲ್ಲ! ಈಗ ನಾವು ಬಳಸುವ ಜೆಮ್ ಮಾದರಿ ಅದಕ್ಕೂ ಮುಂಚೆಯೇ ಮಾರಾಟದಲ್ಲಿತ್ತು, ಅದಕ್ಕೆ ಯಾರೂ ಪೇಟೆಂಟ್ ತಗೊಂಡಿರಲಿಲ್ಲ. ತಗೊಂಡಿದ್ದು ಯಂತ್ರಕ್ಕೆ. ಅಮೆರಿಕದ ವಾಟರ್‌ಬರಿಯ ವಿಲಿಯಂ ಮಿಡ್ಲ್‌ಬ್ರೂಕ್ 1899ರಲ್ಲಿ ತಂತಿಯಿಂದ ಕ್ಲಿಪ್ ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದ. ಅದರ ಚಿತ್ರದಲ್ಲಿ ಕಾಣುವುದು ಥೇಟ್ ಇವತ್ತಿನ ಕ್ಲಿಪ್ಪು. ಆದರೆ ಕ್ಲಿಪ್ ನನ್ನದು ಅಂತ ಆತ ಎಲ್ಲೂ ಹೇಳುವುದಿಲ್ಲ, ಅದನ್ನು ಮಾಡುವ ಯಂತ್ರ ನನ್ನದು ಅನ್ನುತ್ತಾನೆ ಅಷ್ಟೇ. ಇನ್ನೂ ತಮಾಷೆ ಅಂದರೆ, 1989ರಲ್ಲಿ ಓಸ್ಲೋ ಹತ್ತಿರ ವಾಲೆರ್ ಗೌರವಕ್ಕೆ ಅಂತ ನಿಲ್ಲಿಸಿದ ದೈತ್ಯ ಕ್ಲಿಪ್ ಕೂಡ ಜೆಮ್ ಮಾದರಿಯದೇ, ಆತನದ್ದಲ್ಲ.

ಜಿಲೆಟ್ ರೇಜರ್ ಕಥೆಯೂ ಹಾಗೇ. ಕಿಂಗ್ ಜಿಲೆಟ್‌ಗೆ ಪೇಟೆಂಟ್ ಬಂದದ್ದು 1904ರ ನವೆಂಬರ್‌ನಲ್ಲಿ. ಅದರಲ್ಲಿ ಆತ ಕೇಳಿದ ಹಕ್ಕು ಬಹಳ ಜಾಣತನದ್ದು: ಬೇರೆ ಆಸರೆ ಇಲ್ಲದೆ ತನ್ನಷ್ಟಕ್ಕೆ ಗಟ್ಟಿಯಾಗಿ ನಿಲ್ಲಲಾರದಷ್ಟು ತೆಳುವಾದ, ಬಾಗುವ, ಬಿಚ್ಚಿ ಹಾಕಬಹುದಾದ ಬ್ಲೇಡು. ಹಿಡಿಗೆ ಹಕ್ಕು ಕೇಳಿ ಸುಮ್ಮನಾಗಿದ್ದರೆ ನಾಳೆ ಯಾರಾದರೂ ಬೇರೆ ಥರದ ಹಿಡಿ ಮಾಡಿ ಮಾರುತ್ತಿದ್ದರು, ಅಲ್ವಾ? ಆದರೆ ಈ ಯೋಚನೆ ತಲೆಗೆ ಬಂದದ್ದು 1895ರಲ್ಲಿ. ಅಷ್ಟು ತೆಳು ಉಕ್ಕನ್ನು ಹದಗೊಳಿಸಿ ಅಂಚು ಮಸೆಯಲು ಆಗುವುದೇ ಇಲ್ಲ ಅಂತ ಉಕ್ಕು ಬಲ್ಲವರು ಕೈಚೆಲ್ಲಿದ್ದರು. ಕಾಯಿಸಿ ತಣಿಸಿದರೆ ತೆಳು ಹಾಳೆ ಸೊಟ್ಟಗಾಗುತ್ತದೆ, ಸೊಟ್ಟಗಾದ ಹಾಳೆಗೆ ಒಂದೇ ಸಮನಾದ ಅಂಚು ಬರುವುದಿಲ್ಲ. ಅದನ್ನು ಬಗೆಹರಿಸಿದ್ದು ಅಮೆರಿಕದ ಹೆಸರಾಂತ ತಾಂತ್ರಿಕ ವಿದ್ಯಾಸಂಸ್ಥೆ ಎಂಐಟಿಯಲ್ಲಿ ಓದಿದ್ದ ವಿಲಿಯಂ ನಿಕರ್ಸನ್. 1903ರಲ್ಲಿ ಕಂಪನಿ ಮಾರಿದ್ದು 51 ರೇಜರ್, 168 ಬ್ಲೇಡ್. ಮರುವರ್ಷ ಮಾರಾಟವಾದ ರೇಜರ್‌ಗಳು 90,000ಕ್ಕೂ ಜಾಸ್ತಿ. ಜಿಲೆಟ್ ಮುಖ ಬ್ಲೇಡಿನ ಪೊಟ್ಟಣದ ಮೇಲೆ ಲೋಕವೆಲ್ಲ ಸುತ್ತಿತು, ನಿಕರ್ಸನ್ ಯಾರೆಂದು ಯಾರಿಗೆ ಗೊತ್ತು?

ಜಿಪ್ ವಿಷಯದಲ್ಲಿ ಮಾತ್ರ ಎರಡೂ ಕೆಲಸ ಒಬ್ಬನೇ ಮಾಡಿದ. ವಿಟ್‌ಕಂಬ್ ಜಡ್ಸನ್ 1893ರಲ್ಲೇ ಕೊಕ್ಕೆಗಳ ಸಾಲಿಗೆ ಪೇಟೆಂಟ್ ತಗೊಂಡಿದ್ದ, ಆದರೆ ಅದು ಬೇಡದ ಹೊತ್ತಲ್ಲಿ ಬಿಚ್ಚಿಕೊಳ್ಳುತ್ತಿತ್ತು. (ಅಂಥದ್ದನ್ನು ಬಟ್ಟೆಗೆ ಹೊಲಿಸಿಕೊಂಡವರ ಪಾಡು ನೀವೇ ಊಹಿಸಿ.) ಸ್ವೀಡನ್‌ನಿಂದ ಅಮೆರಿಕಕ್ಕೆ ಹೋಗಿದ್ದ ಗಿಡಿಯನ್ ಸಂಡ್‌ಬ್ಯಾಕ್ ಕೊಕ್ಕೆಯನ್ನೇ ಕೈಬಿಟ್ಟ. ಪ್ರತಿ ಹಲ್ಲಿಗೆ ಒಂದು ಕಡೆ ಸಣ್ಣ ಉಬ್ಬು, ಇನ್ನೊಂದು ಕಡೆ ಸಣ್ಣ ಗುಳಿ. ಒಂದರ ಉಬ್ಬು ಮುಂದಿನದರ ಗುಳಿಯಲ್ಲಿ ಕೂತರೆ ಸಾಲು ಬಿಡುವುದಿಲ್ಲ. 1917ರ ಮಾರ್ಚ್‌ನಲ್ಲಿ ಇದಕ್ಕೆ ಪೇಟೆಂಟ್ ಬಂತು. ಆದರೆ ಹಲ್ಲುಗಳು ಕೂದಲೆಳೆ ಹೆಚ್ಚುಕಮ್ಮಿಯಾದರೂ ಜಿಪ್ ಕಚ್ಚಿಕೊಳ್ಳುತ್ತದೆ. ಕೈಯಲ್ಲಿ ಮಾಡುವ ಮಾತೇ ಇಲ್ಲ. ಹಾಗಾಗಿ ವೈ ಅಕ್ಷರದ ಆಕಾರದ ತಂತಿಯಿಂದ ಹಲ್ಲು ಕತ್ತರಿಸಿ, ಉಬ್ಬು ಒತ್ತಿ, ಬಟ್ಟೆಯ ಪಟ್ಟಿಗೆ ಕಚ್ಚಿಸುತ್ತಾ ಹೋಗುವ ಯಂತ್ರವನ್ನೂ ಆತನೇ ಕಟ್ಟಿದ. ಇಷ್ಟೆಲ್ಲ ಆದ ಮೇಲೆ 1923ರಲ್ಲಿ ಗುಡ್‌ರಿಚ್ ಕಂಪನಿ ರಬ್ಬರ್ ಬೂಟಿಗೆ ಅದನ್ನು ಹಾಕಿದಾಗ ಜನಕ್ಕೆ ಪರಿಚಯವಾಯಿತು.

ಮೇರಿ ಆಂಡರ್ಸನ್ ಬಗ್ಗೆ ಬರೆದಿದ್ದೀರಿ, ಸಂತೋಷ. ಆದರೆ ಆಕೆ ವೈಪರ್ ಕಂಡುಹಿಡಿದು ದುಡ್ಡು ಮಾಡಿದಳೇನೋ ಅನ್ನುವ ಹಾಗಿದೆ ಆ ಸಾಲು. ಹಾಗೇನೂ ಆಗಲಿಲ್ಲ. 1903ರ ನವೆಂಬರ್ 10ರ ಆಕೆಯ ಪೇಟೆಂಟಿನಲ್ಲಿ ಬೇಕಾದ್ದೆಲ್ಲ ಇದೆ: ಚಾಲಕ ಒಳಗೇ ಕೂತು ತಿರುಗಿಸುವ ಹಿಡಿಕೆ, ಹೊರಗೆ ರಬ್ಬರ್ ಅಂಚಿನ ತೋಳು, ಅದು ಗಾಜಿಗೆ ಒತ್ತಿಕೊಂಡಿರಲು ಎದುರುಭಾರ, ಚಳಿಗಾಲ ಮುಗಿದ ಮೇಲೆ ತೆಗೆದಿಡುವ ಅನುಕೂಲ ಕೂಡ. 1905ರಲ್ಲಿ ಕೆನಡಾದ ಒಂದು ಕಂಪನಿಗೆ ಮಾರಲು ಹೋದರೆ, ಇದರಲ್ಲಿ ವ್ಯಾಪಾರ ಕಾಣುತ್ತಿಲ್ಲ ಅಂತ ವಾಪಸ್ ಕಳಿಸಿದರು. ಆಗ ಅಮೆರಿಕದಲ್ಲಿ ಪೇಟೆಂಟಿನ ಆಯಸ್ಸು 17 ವರ್ಷ. 1920ರಲ್ಲಿ ಅದು ತೀರಿತು, ಆ ದಶಕದಲ್ಲೇ ಕಾರುಗಳಿಗೆಲ್ಲ ವೈಪರ್ ಬರತೊಡಗಿತು. ಆಕೆಗೆ ಬಿಡಿಗಾಸೂ ಬರಲಿಲ್ಲ.

ಹಾಗಂತ ಪೇಟೆಂಟ್ ಸುಮ್ನೆ ಕಾಗದ ಅಂತಲ್ಲ. ಒಹಾಯೋದಲ್ಲಿ ಕಸ ಗುಡಿಸುವ ಕೆಲಸದಲ್ಲಿದ್ದ ಜೇಮ್ಸ್ ಸ್ಪ್ಯಾಂಗ್ಲರ್, ಧೂಳಿಗೆ ಉಬ್ಬಸ ಜಾಸ್ತಿಯಾಗಿ, ಫ್ಯಾನಿನ ಮೋಟಾರು, ಪೊರಕೆ ಹಿಡಿ, ದಿಂಬಿನ ಚೀಲ ಸೇರಿಸಿ ವ್ಯಾಕ್ಯೂಮ್ ಕ್ಲೀನರ್ ಮಾಡಿಕೊಂಡ. 1908ರಲ್ಲಿ ಅದಕ್ಕೆ ಪೇಟೆಂಟ್ ಇದ್ದದ್ದರಿಂದಲೇ ಹೂವರ್ ಎಂಬ ಉದ್ಯಮಿಗೆ ಮಾರಲು ಆತನ ಕೈಯಲ್ಲಿ ಏನೋ ಒಂದಿತ್ತು. ಆದರೆ ಊರೂರಿಗೆ ತಲುಪಿಸಿದ ಕಾರ್ಖಾನೆ ಹೂವರ್‌ದು, ಹೆಸರೂ ಹೂವರ್‌ದೇ ಉಳಿಯಿತು.

ಆದ್ದರಿಂದ ಒಂದು ಕೋರಿಕೆ. ಸರಣಿ ಮುಂದುವರಿಸುವುದಾದರೆ ಹೆಸರು, ಇಸವಿಯ ಜೊತೆಗೆ ಪೇಟೆಂಟಿನಲ್ಲಿ ಹಕ್ಕು ಕೇಳಿದ್ದು ಯಾವುದಕ್ಕೆ ಅಂತ ಒಂದೇ ಸಾಲು ಹಾಕಿ: ವಸ್ತುವಿಗಾ, ಅದರ ಒಂದು ಭಾಗಕ್ಕಾ, ಮಾಡುವ ಯಂತ್ರಕ್ಕಾ. ಥರ್ಮಾಸ್ ಸರದಿ ಬಂದಾಗಲಂತೂ ಇದು ಬೇಕೇ ಬೇಕು. ಜೇಮ್ಸ್ ಡ್ಯೂವರ್ 1892ರಲ್ಲಿ ಎರಡು ಗೋಡೆಯ ಆ ಪಾತ್ರೆ ಮಾಡಿ ಪೇಟೆಂಟ್ ತಗೊಳ್ಳದೆ ಬಿಟ್ಟ, 1903ರಲ್ಲಿ ಜರ್ಮನಿಯ ರೈನ್‌ಹೋಲ್ಡ್ ಬುರ್ಗರ್ ತಗೊಂಡ, ಡ್ಯೂವರ್ ಕೋರ್ಟಿಗೆ ಹೋಗಿ ಸೋತ. ಕಂಡುಹಿಡಿದವರ ಜಾಗದಲ್ಲಿ ಯಾರ ಹೆಸರು ಹಾಕುತ್ತೀರಿ ಅಂತ ಕಾಯುತ್ತಿದ್ದೇನೆ.

ಇಂತಿ,
ನಿಮ್ಮ ಓದುಗ