ಶಾಲೆ ಗೇಟಿನ ಹತ್ತಿರದ ಚಿಪ್ಸ್, ಕೋಲಾ ಜಾಹೀರಾತು: ಅಳತೆ ಮತ್ತು ಅರ್ಜಿ

ವಿಜಯಪುರದ ಸದಸ್ಯರೆಲ್ಲರಿಗೂ ನಮಸ್ಕಾರ್ರಿ.

ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) 2020ರ ನಿಯಮದಂತೆ ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿನಿಸನ್ನು ತಯಾರಿಸುವ ಕಂಪನಿ ಶಾಲೆಯೊಳಗೆ, ಶಾಲೆ ಗೇಟಿನಿಂದ ಯಾವ ದಿಕ್ಕಿಗಾದರೂ 50 ಮೀಟರ್ ಒಳಗೆ, ಮಕ್ಕಳಿಗೆ ಜಾಹೀರಾತು ಮಾಡುವಂತಿಲ್ಲ. ಪುಕ್ಕಟೆ ಸ್ಯಾಂಪಲ್ ಹಂಚುವಂತೆಯೂ ಇಲ್ಲ.

ಇಂಥ ಜಾಹೀರಾತು ಕಂಡರೆ ಅರ್ಜಿ ಕೊಡುವ ಮೊದಲು ದೂರ ಅಳೆಯಿರಿ. ಅಳತೆ ಗೇಟಿನಿಂದಲೇ ಹಿಡಿಯಿರಿ, ಕಾಂಪೌಂಡ್ ಗೋಡೆಯಿಂದಲ್ಲ. ಹಿಂದಿನ ಗೇಟಿದ್ದರೆ ಅದನ್ನೂ ಬೇರೆಯಾಗಿ ಅಳೆಯಿರಿ. ಹೆಜ್ಜೆ ಎಣಿಸಿದರೆ ಯಾರೂ ಒಪ್ಪುವುದಿಲ್ಲ. 30 ಮೀಟರ್ ಟೇಪ್ ಸಾಕು, ಎರಡು ಸಲ ಹಿಡಿದರಾಯಿತು. ಗೇಟು, ಜಾಹೀರಾತು ಫಲಕ ಎರಡೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಒಂದು ಫೋಟೊ, ಫಲಕದ್ದೇ ಹತ್ತಿರದಿಂದ ಇನ್ನೊಂದು. ದಿನಾಂಕ, ಲೊಕೇಶನ್ ಆನ್ ಇರಲಿ. ಜಾಹೀರಾತಿನಲ್ಲಿರುವ ತಿನಿಸಿನ ಪೊಟ್ಟಣದ ಹಿಂಬದಿಯ 100 ಗ್ರಾಂ ಲೆಕ್ಕದ ಪೋಷಕಾಂಶ ಪಟ್ಟಿಯನ್ನೂ ತೆಗೆಯಿರಿ. ಇದಿಲ್ಲದೆ ಬರೀ "ಜಂಕ್ ಫುಡ್" ಎಂದು ಬರೆದ ಅರ್ಜಿ ವಾದದಲ್ಲೇ ಸಾಯುತ್ತದೆ.

ಕಿರಾಣಿ ಅಂಗಡಿಯ ನಾಮಫಲಕವನ್ನು ಮರೆಯಬೇಡಿ. ಅಂಗಡಿ ಹೆಸರು ಸಣ್ಣದು, ಕೋಲಾ ಹೆಸರು ದೊಡ್ಡದು. ಫಲಕ ಕಂಪನಿ ಕೊಟ್ಟದ್ದು, ಹಾಗಾಗಿ ಅಂಗಡಿಯವರ ಜೊತೆ ಜಗಳ ಬೇಡ. ಮಿರ್ಚಿ, ಗಿರಮಿಟ್ ಗಾಡಿಯವರ ಮೇಲೂ ಹೋಗಬೇಡಿ, ಅವರಿಗೆಲ್ಲಿಯ ಹೋರ್ಡಿಂಗ್!

ಅರ್ಜಿ ಜಿಲ್ಲಾ ಆಹಾರ ಸುರಕ್ಷತಾ ಅಂಕಿತ ಅಧಿಕಾರಿಗೆ. ಅದರ ನಕಲು ಪ್ರತಿ ಮಹಾನಗರ ಪಾಲಿಕೆಯ ಆಯುಕ್ತರಿಗೆ, ಮುಖ್ಯೋಪಾಧ್ಯಾಯರಿಗೆ. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.

50 ಮೀಟರ್ ದಾಟಿದ ಬಸ್ ತಂಗುದಾಣ, ವೃತ್ತಗಳಿಗೆ ಈ ನಿಯಮ ತಾಗುವುದಿಲ್ಲ. ಅಲ್ಲಿ ಪಾಲಿಕೆಯ ಜಾಹೀರಾತು ಟೆಂಡರಿನಲ್ಲೇ ಷರತ್ತು ಸೇರಿಸಲು ಕೇಳಬೇಕು. ಲಂಡನ್ ಸಾರಿಗೆ ಸಂಸ್ಥೆ 2019ರಲ್ಲಿ ತನ್ನ ಜಾಲದಲ್ಲಿ ಇಂಥದ್ದೇ ನಿರ್ಬಂಧ ತಂದಿತು. ಅರ್ಜಿಯಲ್ಲಿ ಈ ಉದಾಹರಣೆಗೆ ಒಂದು ಸಾಲು ಸಾಕು.